ಒಂದೇ ಕಿಲೋಮೀಟರ್, ಎರಡು ಉತ್ತರ: ಏಳು ಸೀಟಿನ ಎಸ್‌ಯುವಿಗೆ ಪೆಟ್ರೋಲೋ, ಡೀಸೆಲ್ಲೋ?

ಮನೆಯಲ್ಲಿ ಆರು ಜನ. ಗಂಡ, ಹೆಂಡತಿ, ಮೂವರು ಮಕ್ಕಳು, ಗಂಡನ ತಾಯಿ. ಇದ್ದ ಐದು ಸೀಟಿನ ಕಾರಿನಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದು ಆಗದ ಮಾತಾಗಿತ್ತು. ಏಳು ಸೀಟಿನ ದೊಡ್ಡ ಎಸ್‌ಯುವಿ ಕೊಳ್ಳುವುದೆಂದು ತೀರ್ಮಾನಿಸಿ, ಯಾವ ಮಾದರಿ ಎಂಬುದನ್ನೂ ಗಟ್ಟಿ ಮಾಡಿಕೊಂಡಿದ್ದರು. ಆ ಗಾಡಿ ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್ನಿನಲ್ಲೂ ಸಿಗುತ್ತಿತ್ತು, ಎರಡು ಲೀಟರ್ ಟರ್ಬೊ ಡೀಸೆಲ್ಲಿನಲ್ಲೂ ಸಿಗುತ್ತಿತ್ತು. ಟರ್ಬೊ ಎಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ. ಎರಡಕ್ಕೂ ಎಂಟು ಗೇರಿನ ಆಟೊಮ್ಯಾಟಿಕ್. ಉಳಿದದ್ದು ಯಾವ ಎಂಜಿನ್ ಎಂಬ ಪ್ರಶ್ನೆ ಮಾತ್ರ. ಗಂಡ ನನ್ನ ಹಳೆಯ ಗೆಳೆಯ, ನಾನು ವರ್ಷಗಟ್ಟಲೆ ಎಂಜಿನ್ ಬಿಚ್ಚಿ ಕಟ್ಟಿದವನು. ಹಾಗಾಗಿ ಪ್ರಶ್ನೆ ನನ್ನ ಬಳಿ ಬಂತು.

ಬರುವಾಗಲೇ ಅವನ ಮನಸ್ಸು ಡೀಸೆಲ್ ಕಡೆ ವಾಲಿತ್ತು. ಅದಕ್ಕೆ ಕಾರಣ ಅವನ ಅಣ್ಣ. ಅಣ್ಣನ ಮನೆಯಲ್ಲಿ ಇದೇ ಗಾಡಿಯ ಡೀಸೆಲ್ ಮಾದರಿ ಕೆಲವು ವರ್ಷಗಳಿಂದ ಇತ್ತು, ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. "ನೋಡೋ, ಅಣ್ಣಂದೂ ವರ್ಷಕ್ಕೆ ಹದಿನೈದು ಸಾವಿರ ಕಿಲೋಮೀಟರ್ ಓಡುತ್ತೆ, ನಮ್ಮದೂ ಅಷ್ಟೇ ಓಡುತ್ತೆ. ಅವನಿಗೆ ಸರಿಹೋಗಿದ್ದು ನಮಗ್ಯಾಕೆ ಸರಿಹೋಗಲ್ಲ?" ಎಂದ. ನ್ಯಾಯವಾದ ಪ್ರಶ್ನೆ. ಗಾಡಿ ಕೊಳ್ಳುವವರಲ್ಲಿ ಹೆಚ್ಚಿನವರು ಕೇಳುವುದೂ ಇದನ್ನೇ, ಸಲಹೆ ಕೊಡುವವರು ಉತ್ತರಿಸುವುದೂ ಇದೇ ಅಳತೆಯಿಂದ: ವರ್ಷಕ್ಕೆ ಇಷ್ಟು ಸಾವಿರಕ್ಕಿಂತ ಹೆಚ್ಚು ಓಡಿದರೆ ಡೀಸೆಲ್, ಕಡಿಮೆಯಾದರೆ ಪೆಟ್ರೋಲ್. ಆ ಅಳತೆ ಈ ಮನೆಗೆ ಯಾಕೆ ಸಾಲಲಿಲ್ಲ ಎಂಬುದನ್ನು ಹಂತಹಂತವಾಗಿ ಬರೆಯುತ್ತಿದ್ದೇನೆ.

ಮೊದಲ ಲೆಕ್ಕ

ಲೆಕ್ಕವನ್ನು ಹಣದಲ್ಲಿ ಹಾಕದೆ ಪೆಟ್ರೋಲ್ ಲೀಟರಿನಲ್ಲಿ ಹಾಕಿದೆ. ಗಾಡಿಯ ಬೆಲೆ ಏರುತ್ತದೆ, ಇಂಧನದ ದರವೂ ಏರಿಳಿಯುತ್ತದೆ. ಆದರೆ ಡೀಸೆಲ್ ಮಾದರಿಗೆ ಹೆಚ್ಚಿಗೆ ಕೊಡಬೇಕಾದ ಹಣದಲ್ಲಿ ಎಷ್ಟು ಲೀಟರ್ ಪೆಟ್ರೋಲ್ ಬರುತ್ತದೆ ಎಂದು ಕೇಳಿಕೊಂಡರೆ ಲೆಕ್ಕ ಯಾವ ಊರಿನವರಿಗೂ ಹೊಂದುತ್ತದೆ. ಇವರ ವಿಷಯದಲ್ಲಿ ಆ ವ್ಯತ್ಯಾಸ ಸುಮಾರು 1,700 ಲೀಟರ್ ಪೆಟ್ರೋಲಿಗೆ ಸಮವಾಗಿತ್ತು. ಬಂಕಿನಲ್ಲಿ ಎರಡೂ ಇಂಧನಗಳ ದರ ಹೆಚ್ಚುಕಡಿಮೆ ಒಂದೇ ಇತ್ತು.

ಎರಡು ಟನ್ನಿನ ಹತ್ತಿರ ತೂಗುವ ಈ ಗಾಡಿಗೆ ಊರೊಳಗಿನ ಓಡಾಟ, ಹೆದ್ದಾರಿ ಎಲ್ಲ ಸೇರಿಸಿ ಪೆಟ್ರೋಲಿನಲ್ಲಿ ಲೀಟರಿಗೆ 9 ಕಿಲೋಮೀಟರ್, ಡೀಸೆಲ್ಲಿನಲ್ಲಿ 12 ಎಂದು ಹಿಡಿದೆವು. 15,000 ಕಿಲೋಮೀಟರಿಗೆ ಪೆಟ್ರೋಲ್ 1,667 ಲೀಟರ್ ಬೇಕು, ಡೀಸೆಲ್ 1,250. ವರ್ಷಕ್ಕೆ 417 ಲೀಟರ್ ಉಳಿತಾಯ. 1,700ನ್ನು ಇದರಿಂದ ಭಾಗಿಸಿದರೆ ನಾಲ್ಕು ವರ್ಷಕ್ಕೆ ಹೆಚ್ಚುವರಿ ಬೆಲೆ ವಾಪಸು. ಡೀಸೆಲ್ ದರ ಶೇ. 10 ಕಡಿಮೆ ಇರುವ ಕಡೆ ಇದೇ ಲೆಕ್ಕ ಮೂರು ವರ್ಷದ ಸುಮಾರಿಗೆ ಇಳಿಯುತ್ತದೆ, ಶೇ. 10 ಹೆಚ್ಚಿದ್ದರೆ ಆರು ವರ್ಷದ ಹತ್ತಿರ ಹೋಗುತ್ತದೆ. ದರದಲ್ಲಿ ಇಷ್ಟು ಸಣ್ಣ ಏರುಪೇರಾದರೂ ಗಡುವು ಇಮ್ಮಡಿಯಾಗಬಹುದು ಎಂಬುದನ್ನು ಕೊಳ್ಳುವವರು ಗಮನಿಸುವುದು ಕಡಿಮೆ.

ಡೀಸೆಲ್ ಯಾಕೆ ಹೆಚ್ಚು ಮೈಲೇಜ್ ಕೊಡುತ್ತದೆ ಎನ್ನುವುದಕ್ಕೆ ಎರಡು ಕಾರಣಗಳಿವೆ. ಒಂದು ಇಂಧನದ್ದೇ ಗುಣ. ಲೀಟರ್ ಡೀಸೆಲ್ಲಿನಲ್ಲಿ ಸುಮಾರು 36 ಮೆಗಾಜೂಲ್ ಶಕ್ತಿ ಇದ್ದರೆ ಲೀಟರ್ ಪೆಟ್ರೋಲಿನಲ್ಲಿ 32ರ ಆಸುಪಾಸು. ಇನ್ನೊಂದು ಎಂಜಿನ್ನಿನ ಗುಣ. ಡೀಸೆಲ್ ಎಂಜಿನ್ ಗಾಳಿಯನ್ನು 15ರಿಂದ 18 ಪಟ್ಟು ಅದುಮುತ್ತದೆ, ಟರ್ಬೊ ಪೆಟ್ರೋಲ್ ಸಾಮಾನ್ಯವಾಗಿ 9ರಿಂದ 11 ಪಟ್ಟು. ಪೆಟ್ರೋಲ್ ಎಂಜಿನ್ ಕಡಿಮೆ ಶಕ್ತಿಯಲ್ಲಿ ಓಡುವಾಗ ಗಾಳಿ ಒಳಬಿಡುವ ಬಾಗಿಲಾದ ಥ್ರಾಟಲ್ ಅರ್ಧ ಮುಚ್ಚಿಕೊಂಡು ಉಸಿರು ಬಿಗಿಹಿಡಿದೇ ಗಾಳಿ ಎಳೆಯಬೇಕು, ಡೀಸೆಲ್ಲಿಗೆ ಆ ಕಷ್ಟವಿಲ್ಲ. ಅಂದಹಾಗೆ ಮೈಲೇಜಿನಲ್ಲಿ ಮೂರನೇ ಒಂದರಷ್ಟು ಮುಂದಿರುವ ಡೀಸೆಲ್ ಕಾರ್ಬನ್ ಡೈಆಕ್ಸೈಡ್ ವಿಷಯದಲ್ಲಿ ಅಷ್ಟು ಮುಂದಿಲ್ಲ. ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ, ಲೀಟರ್ ಡೀಸೆಲ್ ಉರಿದರೆ ಸುಮಾರು 2.65 ಕಿಲೋ ಹೊರಬರುತ್ತದೆ. ಇವರ ಓಡಾಟಕ್ಕೆ ವರ್ಷಕ್ಕೆ 3,800 ಕಿಲೋ ಬದಲು 3,300 ಕಿಲೋ. ಕಡಿಮೆಯೇನೋ ಹೌದು, ಆದರೆ ಮೈಲೇಜ್ ನೋಡಿ ಊಹಿಸಿಕೊಂಡಷ್ಟಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಡೀಸೆಲ್ ಗೆದ್ದಿತ್ತು. ಗಾಡಿಯನ್ನು ಕನಿಷ್ಠ ಎಂಟು ವರ್ಷ ಇಟ್ಟುಕೊಳ್ಳುವ ಯೋಚನೆ ಅವರದು.

ಪುಸ್ತಕದಲ್ಲಿ ಕಂಡದ್ದು

ಲೆಕ್ಕ ನೋಡುತ್ತ ಕೂತಿದ್ದ ಅವನ ಹೆಂಡತಿ, "ಗಾಡಿ ದಿನಾ ಓಡಿಸೋಳು ನಾನು. ನೀವು ಇಬ್ಬರೂ ಟೂರಿಗೆ ಹೋಗೋದನ್ನಷ್ಟೇ ಲೆಕ್ಕ ಹಾಕ್ತಿದ್ದೀರಿ" ಎಂದರು. ಅವರ ಮಾತೇ ಇಡೀ ಪ್ರಕರಣದ ದಿಕ್ಕು ಬದಲಿಸಿತು. ಒಂದು ತಿಂಗಳು ಇದ್ದ ಕಾರಿನಲ್ಲೇ ಒಂದು ಸಣ್ಣ ಪುಸ್ತಕ ಇಟ್ಟು, ಪ್ರತಿ ಸಲ ಹೊರಟಾಗ ಎಷ್ಟು ದೂರ, ಎಂಜಿನ್ ಆರಿಸಿ ಎಷ್ಟು ಹೊತ್ತಾದ ಮೇಲೆ ಮತ್ತೆ ಹೊರಟದ್ದು ಎಂಬ ಎರಡೇ ವಿಷಯ ಬರೆಯಿರಿ ಎಂದು ಕೇಳಿಕೊಂಡೆ. ಅವರು ಅಚ್ಚುಕಟ್ಟಾಗಿ ಬರೆದರು.

ಶಾಲೆ ನಾಲ್ಕು ಕಿಲೋಮೀಟರ್. ಬೆಳಿಗ್ಗೆ ಬಿಟ್ಟು ಬರುವುದು, ಮಧ್ಯಾಹ್ನ ಕರೆತರುವುದು, ಸಂಜೆ ದೊಡ್ಡವಳ ಈಜು ತರಗತಿ, ಅಂಗಡಿ, ಅತ್ತೆಯವರ ಆಸ್ಪತ್ರೆ. ನಾಲ್ಕೈದು ಕಿಲೋಮೀಟರಿನ ಓಡಾಟ, ನಡುವೆ ಗಂಟೆಗಟ್ಟಲೆ ನಿಂತಿರುವ ಗಾಡಿ. ವರ್ಷಕ್ಕೆ ಹಿಗ್ಗಿಸಿ ನೋಡಿದಾಗ 15,000ದಲ್ಲಿ ಸುಮಾರು 8,000 ಕಿಲೋಮೀಟರ್ ಇಂಥದ್ದೇ. 2,000ದಷ್ಟು ಮಧ್ಯಮ ದೂರದ್ದು. ರಜೆಯ ದೂರದ ಪ್ರಯಾಣಗಳು ಎಲ್ಲ ಸೇರಿ 5,000.

ಅಣ್ಣನದನ್ನೂ ಕೇಳಿ ತಿಳಿದುಕೊಂಡೆ. ಅವರ ಕೆಲಸದ ಜಾಗ ಮನೆಯಿಂದ 45 ಕಿಲೋಮೀಟರ್, ಹೆಚ್ಚಿನಂಶ ಹೆದ್ದಾರಿ. ವಾರಕ್ಕೆ ಮೂರು ದಿನ ಹೋಗಿ ಬರುತ್ತಿದ್ದರು. ಅವರ ಹದಿನೈದು ಸಾವಿರವೆಲ್ಲ ಹೀಗೆ ಉದ್ದುದ್ದ ತುಂಡುಗಳಲ್ಲೇ ಕೂಡಿಬಂದದ್ದು. ಲೆಕ್ಕ ಹಾಕಿದರೆ ವರ್ಷಕ್ಕೆ ಮುನ್ನೂರು ಚಿಲ್ಲರೆ ಸಲ ಎಂಜಿನ್ ಶುರುವಾಗುತ್ತದೆ, ಪ್ರತಿ ಸಲವೂ ಅರ್ಧ ಗಂಟೆಗೂ ಮೀರಿ ಕಾದು ಓಡುತ್ತದೆ. ತಮ್ಮನ ಮನೆಯಲ್ಲಿ ಆ ಎಂಟು ಸಾವಿರ ಕಿಲೋಮೀಟರಿಗೇ 1,800ರ ಹತ್ತಿರ ಸ್ಟಾರ್ಟ್, ಬಹುತೇಕ ಎಲ್ಲವೂ ತಣ್ಣಗಿನ ಎಂಜಿನ್ನಿನಿಂದ. ಮೀಟರಿನಲ್ಲಿ ಎರಡು ಗಾಡಿಗಳೂ ಒಂದೇ ಅಂಕಿ ತೋರಿಸುತ್ತವೆ, ಒಳಗೆ ಎಂಜಿನ್ನುಗಳು ಬದುಕುವ ಬದುಕು ಬೇರೆಬೇರೆ.

ನಾಲ್ಕು ಕಿಲೋಮೀಟರಿನಲ್ಲಿ ನೀರಿನ ಉಷ್ಣತೆಯ ಮುಳ್ಳು ಅರ್ಧದ ಹತ್ತಿರ ಬಂದಿರಬಹುದು. ಅದನ್ನು ನೋಡಿ ಎಂಜಿನ್ ಬಿಸಿಯಾಯಿತು ಎಂದುಕೊಳ್ಳುತ್ತೇವೆ. ಎಂಜಿನ್ ಆಯಿಲ್ ಕಾಯಲು ಅದಕ್ಕಿಂತ ಬಹಳ ಹೆಚ್ಚು ಹೊತ್ತು ಬೇಕು, ಎಕ್ಸಾಸ್ಟ್ ಪೈಪಿನ ಉದ್ದಕ್ಕೂ ಕೂತಿರುವ ಫಿಲ್ಟರು, ಹೊಗೆಯ ವಿಷ ಕಳೆಯುವ ಕ್ಯಾಟಲಿಸ್ಟ್‌ಗಳಿಗೆ ಇನ್ನೂ ಹೆಚ್ಚು. ಡೀಸೆಲ್ ಎಂಜಿನ್ ದಕ್ಷವಾದದ್ದರಿಂದಲೇ ಶಾಖ ಕಡಿಮೆ ಚೆಲ್ಲುತ್ತದೆ, ಅದರಿಂದಲೇ ನಿಧಾನವಾಗಿ ಕಾಯುತ್ತದೆ. ಮೈಲೇಜ್ ಕೊಡುವ ಗುಣವೇ ಸಣ್ಣ ಓಡಾಟದಲ್ಲಿ ಅದಕ್ಕೆ ಮುಳುವಾಗುತ್ತದೆ.

ಎಕ್ಸಾಸ್ಟಿನೊಳಗೆ ನಡೆಯುವುದು

ಈಗಿನ ಡೀಸೆಲ್ ಗಾಡಿಯ ಹಿಂದೆ ಕಪ್ಪು ಹೊಗೆ ಕಾಣದಿರುವುದಕ್ಕೆ ಕಾರಣ ಡಿಪಿಎಫ್ ಎಂಬ ಫಿಲ್ಟರ್. ಜೇನುಗೂಡಿನಂಥ ಸೆರಾಮಿಕ್ ಗೋಡೆಗಳ ಮೂಲಕ ಹೊಗೆ ನುಗ್ಗಬೇಕು, ಮಸಿಯಲ್ಲಿ ಶೇ. 95ಕ್ಕೂ ಹೆಚ್ಚು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಿಡಿದಿಟ್ಟ ಮಸಿಯನ್ನು ಆಗಾಗ ಸುಡಬೇಕು. ಹಾಗೆ ಸುಡಲು 600 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಶಾಖ ಬೇಕು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವಾಗ ಸ್ವಲ್ಪ ಮಸಿ ತನ್ನಷ್ಟಕ್ಕೆ ಉರಿದುಹೋಗುತ್ತದೆ, ಆಗ ನೈಟ್ರೋಜನ್ ಡೈಆಕ್ಸೈಡ್ ನೆರವಿಗೆ ಬರುವುದರಿಂದ ಕಡಿಮೆ ಶಾಖದಲ್ಲೂ ಕೆಲಸ ನಡೆಯುತ್ತದೆ. ಊರೊಳಗೆ ಅಷ್ಟು ಶಾಖ ಹುಟ್ಟುವುದಿಲ್ಲ. ಅದಕ್ಕಾಗಿ ಕೆಲವು ನೂರು ಕಿಲೋಮೀಟರಿಗೊಮ್ಮೆ ಗಾಡಿಯ ಕಂಪ್ಯೂಟರ್ ತಾನಾಗಿಯೇ ಸುಡುವ ಕೆಲಸ ಶುರು ಮಾಡುತ್ತದೆ. ಪಿಸ್ಟನ್ ಕೆಳಗಿಳಿಯುವ ಹೊತ್ತಿಗೆ ಇನ್ನೊಂದಿಷ್ಟು ಡೀಸೆಲ್ ಚಿಮುಕಿಸಿ, ಅದು ಎಕ್ಸಾಸ್ಟಿನಲ್ಲಿ ಉರಿದು ಫಿಲ್ಟರನ್ನು ಕಾಯಿಸುವಂತೆ ನೋಡಿಕೊಳ್ಳುತ್ತದೆ. ಇದು ಮುಗಿಯಲು ಹತ್ತರಿಂದ ಇಪ್ಪತ್ತು ನಿಮಿಷ ಗಾಡಿ ಓಡುತ್ತಲೇ ಇರಬೇಕು.

ನಾಲ್ಕು ಕಿಲೋಮೀಟರಿನ ಓಡಾಟದಲ್ಲಿ ಎಂಜಿನ್ ಕಾದ ಮೇಲಿನ ಆ ಹತ್ತು ನಿಮಿಷ ಸಿಗುವುದೇ ಇಲ್ಲ. ಸುಡುವ ಕೆಲಸ ನಡೆಯುತ್ತಿರುವುದರ ಲಕ್ಷಣಗಳನ್ನು ಗುರುತಿಸಲು ಗೆಳೆಯನಿಗೂ ಅವನ ಹೆಂಡತಿಗೂ ಅಣ್ಣನ ಗಾಡಿಯಲ್ಲೇ ತೋರಿಸಿಕೊಟ್ಟೆ. ನಿಂತಲ್ಲೇ ಎಂಜಿನ್ನಿನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು ಎಂಬ ಅಂಕಿ) ಎಂದಿಗಿಂತ ತುಸು ಮೇಲಿರುತ್ತದೆ, ಸಿಗ್ನಲ್ಲಿನಲ್ಲಿ ತಾನೇ ಆರಬೇಕಾದ ಎಂಜಿನ್ ಆರುವುದಿಲ್ಲ, ಡ್ಯಾಶ್‌ಬೋರ್ಡಿನ ಮೈಲೇಜ್ ಅಂಕಿ ದಿಢೀರ್ ಇಳಿಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಗೇಟಿನೊಳಗೆ ತಂದು ಕೀ ತಿರುಗಿಸಿದ ಮೇಲೂ ಮುಂದಿನ ಫ್ಯಾನು ಜೋರಾಗಿ ಸುತ್ತುತ್ತಲೇ ಇದ್ದರೆ, ಸುಡುವ ಕೆಲಸ ಅರ್ಧಕ್ಕೆ ನಿಂತಿದೆ ಎಂದು ತಿಳಿಯಬೇಕು. ಒಂದೆರಡು ಸಲ ಹೀಗಾದರೆ ಪರವಾಗಿಲ್ಲ. ದಿನವೂ ಆದರೆ ಮಸಿ ಏರುತ್ತ ಹೋಗಿ ಮೊದಲು ದೀಪ ಹೊತ್ತುತ್ತದೆ, ಆಮೇಲೆ ಎಂಜಿನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಕೊನೆಗೆ ವರ್ಕ್‌ಶಾಪಿನಲ್ಲಿ ಯಂತ್ರ ಜೋಡಿಸಿ ಸುಡಿಸಬೇಕು. ಅದೂ ಆಗದಿದ್ದರೆ ಫಿಲ್ಟರನ್ನೇ ಬದಲಿಸಬೇಕು.

ನನಗೆ ಫಿಲ್ಟರಿಗಿಂತ ಹೆಚ್ಚು ಚಿಂತೆ ಎಂಜಿನ್ ಆಯಿಲ್‌ದು. ತಡವಾಗಿ ಚಿಮುಕಿಸಿದ ಡೀಸೆಲ್ಲಿನಲ್ಲಿ ಒಂದು ಪಾಲು ಸಿಲಿಂಡರಿನ ಗೋಡೆ ಸವರಿಕೊಂಡು ಕೆಳಗಿಳಿದು ಆಯಿಲ್ ಸೇರುತ್ತದೆ. ಪೆಟ್ರೋಲೂ ತಣ್ಣಗಿನ ಎಂಜಿನ್ನಿನಲ್ಲಿ ಹೀಗೆ ಆಯಿಲ್ ಸೇರುವುದುಂಟು. ಆದರೆ ಪೆಟ್ರೋಲಿನ ಬಹುಪಾಲು 200 ಡಿಗ್ರಿಯೊಳಗೆ ಕುದಿಯುವಂಥದ್ದು, ಒಂದು ದೂರದ ಪ್ರಯಾಣದಲ್ಲಿ ಆಯಿಲ್ ಚೆನ್ನಾಗಿ ಕಾದರೆ ಆವಿಯಾಗಿ ಹೊರಟುಹೋಗುತ್ತದೆ. ಡೀಸೆಲ್ ಕುದಿಯುವುದು ಸುಮಾರು 180ರಿಂದ 360 ಡಿಗ್ರಿವರೆಗೆ. ಆಯಿಲ್ ಅಷ್ಟು ಕಾಯುವುದೇ ಇಲ್ಲ, ಸೇರಿದ ಡೀಸೆಲ್ ಅಲ್ಲೇ ಉಳಿಯುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ನೋಡಿದಾಗ ಆಯಿಲ್ ಕಡಿಮೆಯಾಗುವ ಬದಲು ಮೇಲಿನ ಗೆರೆ ದಾಟಿ ಏರಿದ್ದರೆ, ಬೆರಳ ತುದಿಯಲ್ಲಿ ಉಜ್ಜಿದಾಗ ನೀರಾಗಿ ಜಾರಿದರೆ, ಮೂಗಿಗೆ ಡೀಸೆಲ್ ವಾಸನೆ ಬಡಿದರೆ, ಆ ಆಯಿಲ್ ಬೇರಿಂಗನ್ನೂ ಟರ್ಬೊವನ್ನೂ ಕಾಯುವ ಸ್ಥಿತಿಯಲ್ಲಿಲ್ಲ. ಆಯಿಲ್ ಏರಿದ್ದು ನೋಡಿ "ಒಳ್ಳೇದೇ, ಕುಡಿದಿಲ್ಲ" ಎಂದು ಸಮಾಧಾನಪಟ್ಟವರ ಎಂಜಿನ್ನುಗಳನ್ನು ಬಿಚ್ಚಿದ ಕೈ ನನ್ನದು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ.

ಇನ್ನೊಂದು ವಿಷಯ ಗಾಡಿಗಿಂತ ಮಕ್ಕಳಿಗೆ ಸಂಬಂಧಿಸಿದ್ದು. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನ ತೂಕದಲ್ಲಿ 14.7ಕ್ಕೆ ಒಂದರ ಹದದಲ್ಲಿ ಉರಿಯುವುದರಿಂದ ಒಂದೇ ಕ್ಯಾಟಲಿಸ್ಟ್ ಮೂರು ಬಗೆಯ ವಿಷಗಳನ್ನು ಕಳೆಯುತ್ತದೆ. ಡೀಸೆಲ್ ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ಗಾಳಿಯಲ್ಲಿ ಉರಿಸುತ್ತದೆ, ಅಲ್ಲಿ ನೈಟ್ರೋಜನ್ ಆಕ್ಸೈಡುಗಳನ್ನು ಕಳೆಯಲು ಆ ಕ್ಯಾಟಲಿಸ್ಟ್ ಸಾಲದು. ಅದಕ್ಕೇ 32.5 ಶೇಕಡಾ ಯೂರಿಯಾ ಬೆರೆತ ದ್ರವವನ್ನು ಎಕ್ಸಾಸ್ಟಿಗೆ ಚಿಮುಕಿಸುವ ಎಸ್‌ಸಿಆರ್ ವ್ಯವಸ್ಥೆ. ಅದು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಎಕ್ಸಾಸ್ಟ್ 200 ಡಿಗ್ರಿಯ ಸುಮಾರಿಗೆ ಕಾದ ಮೇಲೆ ಮಾತ್ರ. ತಣ್ಣಗಿನ ಡೀಸೆಲ್ ಗಾಡಿ ಶಾಲೆಯ ಗೇಟಿನ ಮುಂದೆ ಎಂಜಿನ್ ಹಾಕಿಕೊಂಡು ನಿಂತಾಗ ಆ ವ್ಯವಸ್ಥೆ ಇನ್ನೂ ಎಚ್ಚರವಾಗಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆಯನ್ನು 2012ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಅದಕ್ಕೆ ಆಧಾರವಾದ ಅಧ್ಯಯನಗಳು ಹಳೆಯ ಎಂಜಿನ್ನುಗಳ ಹೊಗೆಯ ನಡುವೆ ದುಡಿದವರ ಮೇಲೆ ನಡೆದವು, ಫಿಲ್ಟರ್ ಇರುವ ಹೊಸ ಗಾಡಿಯ ಹೊಗೆ ಅದಕ್ಕಿಂತ ಬಹಳ ಶುದ್ಧ. ಪೆಟ್ರೋಲೂ ಸಾಧುವಲ್ಲ, ಸಿಲಿಂಡರಿನೊಳಕ್ಕೇ ಇಂಧನ ಚಿಮುಕಿಸುವ ನೇರ ಇಂಜೆಕ್ಷನ್ನಿನ ಪೆಟ್ರೋಲ್ ಎಂಜಿನ್ ತಣ್ಣಗಿರುವಾಗ ಸೂಕ್ಷ್ಮ ಕಣಗಳನ್ನು ಉಗುಳುತ್ತದೆ. ಅದರ ಕ್ಯಾಟಲಿಸ್ಟ್ ಬೇಗ ಕಾಯುತ್ತದೆ ಎಂಬುದಷ್ಟೇ ವ್ಯತ್ಯಾಸ. ನಾಲ್ಕು ಕಿಲೋಮೀಟರಿನ ಓಡಾಟದಲ್ಲಿ ಆ ವ್ಯತ್ಯಾಸ ದೊಡ್ಡದು.

ಎಳೆತದ ಮಾತು

ಗೆಳೆಯ ಇನ್ನೂ ಒಪ್ಪಿರಲಿಲ್ಲ. ಏಳು ಜನ, ಸಾಮಾನು, ಘಟ್ಟ, ಇಷ್ಟು ಸೇರಿದರೆ ಪೆಟ್ರೋಲ್ ಗಾಡಿ ಏದುಸಿರು ಬಿಡುತ್ತದೆ ಎಂಬುದು ಅವನ ವಾದ. ಅವನ ಅನುಭವ ಸುಳ್ಳಲ್ಲ. ಟರ್ಬೊ ಇಲ್ಲದ ಹಳೆಯ ಪೆಟ್ರೋಲ್ ಎಂಜಿನ್ನುಗಳಲ್ಲಿ ಇಂಥ ಗಾಡಿ ಹತ್ತಿಸಲು ನಾಲ್ಕು ಸಾವಿರ ಆರ್‌ಪಿಎಂ ತನಕ ಕಿರುಚಾಡಿಸಬೇಕಿತ್ತು. ಎತ್ತರದ ಜಾಗಗಳಲ್ಲಿ ಗಾಳಿ ತೆಳುವಾದಾಗ ಸಾವಿರ ಮೀಟರಿಗೆ ಶೇ. 10ರಷ್ಟು ಶಕ್ತಿಯೂ ಸೋರಿಹೋಗುತ್ತಿತ್ತು.

ಈಗ ಎದುರಿಗಿದ್ದ ಎರಡು ಎಂಜಿನ್ನುಗಳ ಅಂಕಿಗಳೇ ಬೇರೆ. ಡೀಸೆಲ್ಲಿನ ಟಾರ್ಕ್, ಅಂದರೆ ತಿರುಗಿಸುವ ಬಲ, 400 ನ್ಯೂಟನ್ ಮೀಟರ್, ಪೆಟ್ರೋಲಿನದು 350. ಎರಡೂ 2,000 ಆರ್‌ಪಿಎಂನಲ್ಲೇ ಪೂರ್ತಿ ಸಿಗುತ್ತವೆ. ಆ ವೇಗದಲ್ಲಿ ಡೀಸೆಲ್ ಹೊರಹಾಕುವ ಶಕ್ತಿ ಸುಮಾರು 84 ಕಿಲೋವ್ಯಾಟ್, ಪೆಟ್ರೋಲ್ 73. ಪೆಟ್ರೋಲ್ ಎಂಜಿನ್ ಆ 84ನ್ನು ಮುಟ್ಟಲು ಎಷ್ಟು ತಿರುಗಬೇಕು? 2,300 ಆರ್‌ಪಿಎಂ. ಬರೇ ಮುನ್ನೂರು ಸುತ್ತು ಹೆಚ್ಚು. ಎಂಟು ಗೇರಿನ ಆಟೊಮ್ಯಾಟಿಕ್ ಆ ಮುನ್ನೂರು ಸುತ್ತನ್ನು ಕೂತವರಿಗೆ ಗೊತ್ತಾಗದಂತೆ ಹೊಂದಿಸಿಬಿಡುತ್ತದೆ. ಚಕ್ರಕ್ಕೆ ತಲುಪುವುದು ಎಂಜಿನ್ನಿನ ಟಾರ್ಕ್ ಮಾತ್ರವಲ್ಲ, ಗೇರಿನಿಂದ ಗುಣಿಸಿದ ಟಾರ್ಕ್. ಜಾಹೀರಾತಿನ ದೊಡ್ಡ ಅಂಕಿ ನೋಡಿ ಮರುಳಾಗುವವರು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಲೆಕ್ಕ ನಂಬದವನಿಗೆ ಏರು ರಸ್ತೆಯೇ ತೋರಿಸಬೇಕು. ಟೆಸ್ಟ್ ಡ್ರೈವಿಗೆ ಒಬ್ಬನೇ ಹೋಗಬೇಡ, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗು ಎಂದೆ. ಒಂದೇ ಏರಿನಲ್ಲಿ ಎರಡೂ ಗಾಡಿ ಓಡಿಸಿದರು. ಡೀಸೆಲ್ ಹತ್ತುವಾಗ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿಟ್ಟರೂ ಸಾಕು, ಗೇರ್ ಬದಲಾಗದೆ ಎಳೆಯುತ್ತದೆ. ಆ ನಿರಾಳ ಪೆಟ್ರೋಲಿನಲ್ಲಿ ಸಿಗಲಿಲ್ಲ. ಅದು ಒಂದು ಗೇರ್ ಇಳಿಸಿಕೊಂಡು ಹತ್ತಿತು, ಹತ್ತಿದ ವೇಗ ಮಾತ್ರ ಕಡಿಮೆಯಿರಲಿಲ್ಲ. ಕೊನೆಯ ಸಾಲಿನಲ್ಲಿ ಕೂತ ಮಕ್ಕಳಿಗೆ ಯಾವುದು ಯಾವುದೆಂದೇ ತಿಳಿಯಲಿಲ್ಲ. ಅಜ್ಜಿ ಮಾತ್ರ ಸಿಗ್ನಲ್ಲಿನಲ್ಲಿ ನಿಂತಾಗ ಸೀಟಿನಡಿ ನಡುಕ ಯಾವುದರಲ್ಲಿ ಕಡಿಮೆ ಎಂದು ಥಟ್ಟನೆ ಹೇಳಿದರು. ಪೆಟ್ರೋಲಿನಲ್ಲಿ.

ಟ್ರೇಲರ್ ಅಥವಾ ದೋಣಿ ಎಳೆಯುವವರಿಗೆ ಈ ವಾದ ಹೊಂದುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಟನ್‌ಗಟ್ಟಲೆ ಭಾರ ಹೊತ್ತು ಗಂಟೆಗಟ್ಟಲೆ ಎಳೆಯುವಾಗ ಟರ್ಬೊ ಪೆಟ್ರೋಲ್ ತನ್ನ ಬಿಡಿಭಾಗಗಳನ್ನು ತಂಪಾಗಿಡಲು ಹೆಚ್ಚುವರಿ ಇಂಧನ ಸುರಿಯಬೇಕಾಗಿ ಬರಬಹುದು, ಮೈಲೇಜ್ ನೆಲ ಕಚ್ಚುತ್ತದೆ. ಆ ಕೆಲಸದಲ್ಲಿ ಡೀಸೆಲ್ಲಿನದು ಎತ್ತಿದ ಕೈ. ಈ ಮನೆಯವರು ಏನನ್ನೂ ಎಳೆಯುವವರಲ್ಲ.

ಮಿಕ್ಕವು

ಹೈಬ್ರಿಡ್ ಇದ್ದಿದ್ದರೆ ನಾನು ಎರಡನೇ ಯೋಚನೆಯಿಲ್ಲದೆ ಅದನ್ನೇ ಹೇಳುತ್ತಿದ್ದೆ. ನಿಂತು ಹೊರಡುವ ಓಡಾಟಕ್ಕೆ ಅದರಷ್ಟು ಒಪ್ಪುವುದು ಇಂಧನ ಉರಿಸುವ ಗಾಡಿಗಳಲ್ಲಿ ಇನ್ನೊಂದಿಲ್ಲ. ಇವರು ಆರಿಸಿದ ಮಾದರಿಯಲ್ಲಿ ಅದು ಇರಲಿಲ್ಲ, ಕೊನೆಯ ಸಾಲಿನ ಜಾಗಕ್ಕಾಗಿ ಮಾದರಿ ಬದಲಿಸಲು ಅವರು ತಯಾರಿರಲಿಲ್ಲ.

ಮರುಮಾರಾಟದ ಬೆಲೆ ಹೀಗೇ ಎಂದು ಎಂಟು ವರ್ಷ ಮುಂಚೆ ಹೇಳಲಾಗದು. ಹಲವು ನಗರಗಳು ಹಳೆಯ ಡೀಸೆಲ್ ಗಾಡಿಗಳ ಓಡಾಟಕ್ಕೆ ಕಡಿವಾಣ ಹಾಕಿರುವುದರಿಂದ ಡೀಸೆಲ್ ಕೊಳ್ಳುವ ಮುನ್ನ ತಮ್ಮ ಊರಿನ ನಿಯಮ ನೋಡಿಕೊಳ್ಳುವುದು ಒಳ್ಳೆಯದು.

ಒಂದು ಸಣ್ಣ ವಿಷಯ ಮಾತ್ರ ಗೆಳೆಯನ ಹೆಂಡತಿಗೆ ದೊಡ್ಡದಾಗಿ ಕಂಡಿತು. ಮನೆಯಲ್ಲಿ ಇನ್ನೊಂದು ಪೆಟ್ರೋಲ್ ಕಾರು ಇರುತ್ತದೆ. ಡೀಸೆಲ್ ಹಾಕುವ ದಪ್ಪ ನಳಿಕೆ ಪೆಟ್ರೋಲ್ ಗಾಡಿಯ ಬಾಯಿಗೆ ಹೋಗುವುದಿಲ್ಲ, ಪೆಟ್ರೋಲಿನ ಸಣ್ಣ ನಳಿಕೆ ಮಾತ್ರ ಡೀಸೆಲ್ ಗಾಡಿಯ ಬಾಯಿಗೆ ಸಲೀಸಾಗಿ ಹೋಗುತ್ತದೆ. ಅನಾಹುತವಾಗುವುದೂ ಅದೇ ದಿಕ್ಕಿನಲ್ಲೇ. ಎರಡು ಸಾವಿರ ಬಾರ್‌ವರೆಗೆ ಒತ್ತಡ ಹುಟ್ಟಿಸುವ ಡೀಸೆಲ್ ಪಂಪಿಗೆ ಡೀಸೆಲ್ಲಿನ ಜಿಡ್ಡೇ ಕೀಲೆಣ್ಣೆ. ಪೆಟ್ರೋಲ್ ಆ ಜಿಡ್ಡನ್ನು ತೊಳೆದುಹಾಕುತ್ತದೆ. ತಪ್ಪಿ ಹಾಕಿಸಿಕೊಂಡರೆ ಕೀ ಕೂಡ ತಿರುಗಿಸದೆ ಗಾಡಿ ತಳ್ಳಿಸಿ ಟ್ಯಾಂಕ್ ಖಾಲಿ ಮಾಡಿಸಬೇಕು.

ಎರಡನೇ ಲೆಕ್ಕ

ಪುಸ್ತಕ ಮುಂದಿಟ್ಟುಕೊಂಡು ಮತ್ತೆ ಕೂತೆವು. ಇಂಧನದಲ್ಲಿ ಡೀಸೆಲ್ ಸೋಲಲಿಲ್ಲ, ಸಣ್ಣ ಓಡಾಟದಲ್ಲಿ ಎರಡರ ಮೈಲೇಜೂ ಒಟ್ಟಿಗೇ ಕುಸಿಯುತ್ತದೆ. ವ್ಯತ್ಯಾಸ ಬಂದದ್ದು ಬೇರೆ ಕಡೆ. ಸಣ್ಣ ಓಡಾಟವನ್ನು ಗಾಡಿಯ ಕೈಪಿಡಿಯೇ ಕಠಿಣ ಬಳಕೆ ಎಂದು ಕರೆದು ಆಯಿಲ್ ಬದಲಿಸುವ ಅವಧಿಯನ್ನು ಅರ್ಧಕ್ಕಿಳಿಸುತ್ತದೆ. ಡಿಪಿಎಫ್ ಇರುವ ಎಂಜಿನ್ನಿಗೆ ಕಡಿಮೆ ಬೂದಿಯ ವಿಶೇಷ ಆಯಿಲ್ಲೇ ಆಗಬೇಕು. ಡೀಸೆಲ್ ಫಿಲ್ಟರ್ ಇದೆ, ಸಾವಿರ ಕಿಲೋಮೀಟರಿಗೆ ಲೀಟರಿನಷ್ಟು ಯೂರಿಯಾ ದ್ರವ ಬೇಕು. ಪೆಟ್ರೋಲಿಗೆ ಸ್ಪಾರ್ಕ್ ಪ್ಲಗ್ ಖರ್ಚಿದೆ. ಕೂಡಿ ಕಳೆದರೆ ಡೀಸೆಲ್ಲಿಗೆ ವರ್ಷಕ್ಕೆ ನೂರು ಲೀಟರ್ ಪೆಟ್ರೋಲಿನ ಬೆಲೆಯಷ್ಟು ಹೆಚ್ಚು.

ಹಾಗಾದರೆ 417 ಅಲ್ಲ, 317 ಲೀಟರ್ ಉಳಿತಾಯ. ಎಂಟು ವರ್ಷಕ್ಕೆ 2,536. ಅದರಲ್ಲಿ ಹೆಚ್ಚುವರಿ ಬೆಲೆಯ 1,700 ಹೋದರೆ ಕೈಯಲ್ಲಿ ಉಳಿಯುವುದು 836 ಲೀಟರ್, ವರ್ಷಕ್ಕೆ ನೂರರ ಸುಮಾರು. ಹೊಸ ಡಿಪಿಎಫ್ ಹಾಕಿಸಲು ಎಷ್ಟಾಗುತ್ತದೆ ಎಂದು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದಾಗ ಹೇಳಿದ ಬೆಲೆ 1,200 ಲೀಟರ್ ಪೆಟ್ರೋಲಿಗೆ ಸಮ. ಎಂಟು ವರ್ಷದಲ್ಲಿ ಒಂದೇ ಒಂದು ಸಲ ಅದು ಕೈಕೊಟ್ಟರೆ ಉಳಿತಾಯವೆಲ್ಲ ಹೋಗಿ ಮೇಲೆ ಸಾಲ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ವಾಲ್ವ್ ಮಸಿ ಕಟ್ಟುವುದನ್ನು ಲೆಕ್ಕಕ್ಕೇ ಹಿಡಿದಿಲ್ಲ. ಅಣ್ಣನ ಬಳಕೆಯಲ್ಲಿ ಆ ಅಪಾಯ ತೀರ ಕಡಿಮೆ, ಹಾಗಾಗಿ ಅವರಿಗೆ ಇದೇ ಗಾಡಿ ಲಾಭ. ತಮ್ಮನ ಬಳಕೆಯಲ್ಲಿ ಅದು ಬರುವುದೋ ಇಲ್ಲವೋ ಎಂಬ ಮಾತಲ್ಲ, ಯಾವ ವರ್ಷ ಎಂಬ ಮಾತು.

ಪೆಟ್ರೋಲ್ ಕೊಂಡರು.

ಕೊಟ್ಟ ಸೂಚನೆಗಳು ಎರಡೇ. ಸಣ್ಣ ಓಡಾಟ ಪೆಟ್ರೋಲಿಗೂ ಹಿತವಲ್ಲ, ನೇರ ಇಂಜೆಕ್ಷನ್ ಎಂಜಿನ್ನಿನಲ್ಲಿ ಇಂಟೇಕ್ ವಾಲ್ವಿನ ಮೇಲೆ ಇಂಧನ ಬೀಳದ ಕಾರಣ ಇಂಗಾಲ ಕಟ್ಟುತ್ತದೆ. ಆದ್ದರಿಂದ ಆಯಿಲ್ಲನ್ನು ಅರ್ಧ ಅವಧಿಗೇ ಬದಲಿಸಬೇಕು, ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಎಂಬ ಗುಣಮಟ್ಟದ ದರ್ಜೆ ಅಥವಾ ಅದಕ್ಕಿಂತ ಹೊಸ ದರ್ಜೆ ಬರೆದದ್ದನ್ನೇ ಹಾಕಿಸಬೇಕು. ಇನ್ನೊಂದು, ಆರ್‌ಪಿಎಂ ಕೆಳಗಿದ್ದಾಗ ಮೇಲಿನ ಗೇರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿಯಬಾರದು. ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ಕಿಡಿ ಹೊತ್ತುವ ಮೊದಲೇ ಮಿಶ್ರಣ ಸಿಡಿದು ಪಿಸ್ಟನ್ ಒಡೆಯುವುದು ಅಂಥ ಹೊತ್ತಿನಲ್ಲೇ.

ಆಮೇಲೆ

ಮೊದಲ ರಜೆಯ ಪ್ರಯಾಣ ಮುಗಿಸಿ ಬಂದ ಗೆಳೆಯನ ಮುಖ ಬಾಡಿತ್ತು. ತುಂಬಿದ ಗಾಡಿ, ತಲೆಯ ಮೇಲೆ ಲಗೇಜಿನ ಪೆಟ್ಟಿಗೆ, ಹೆದ್ದಾರಿಯಲ್ಲಿ ಗಂಟೆಗೆ 120. ಮೈಲೇಜ್ ಎಂಟು ಕೂಡ ದಾಟಿರಲಿಲ್ಲ. ಅಣ್ಣನ ಗಾಡಿ ಅದೇ ದಾರಿಯಲ್ಲಿ ಹನ್ನೊಂದು ಕೊಟ್ಟಿತ್ತು. ಈ ನೋವು ನಿಜವಾದದ್ದು, ಪೆಟ್ರೋಲ್ ಆರಿಸಿದವರು ಇದನ್ನು ಗೊತ್ತಿದ್ದೇ ಒಪ್ಪಿಕೊಂಡಿರಬೇಕು. ಗಾಳಿಯ ತಡೆ ವೇಗದ ವರ್ಗದಂತೆ ಏರುತ್ತದೆ: 100ರಿಂದ 120ಕ್ಕೆ ಹೋದರೆ ತಡೆ ಶೇ. 44 ಹೆಚ್ಚು. ಇಷ್ಟೆತ್ತರದ ಗಾಡಿಗೆ ಅದು ಸಣ್ಣ ಮಾತಲ್ಲ. ಮುಂದಿನ ಪ್ರಯಾಣದಲ್ಲಿ ಪೆಟ್ಟಿಗೆ ಇಳಿಸಿ, ನೂರರಲ್ಲಿ ಓಡಿಸಿದರು. ಹತ್ತರ ಮೇಲೆ ಬಂತು.

ದಿನದ ಓಡಾಟದಲ್ಲಿ ಅವನ ಹೆಂಡತಿಗೆ ಗಾಡಿಯ ಬಗ್ಗೆ ಹೇಳಲು ಏನೂ ಇರಲಿಲ್ಲ. ಮನೆಮಂದಿಯ ಗಾಡಿಗೆ ಇದಕ್ಕಿಂತ ಒಳ್ಳೆಯ ವರದಿ ನನಗೆ ಗೊತ್ತಿಲ್ಲ.

ಬದಲಾದದ್ದು ಅಣ್ಣನ ಬದುಕು. ಅವರ ಕೆಲಸದ ಜಾಗ ಮನೆಯಿಂದ ಮೂರು ಕಿಲೋಮೀಟರಿಗೆ ಬಂತು. ಕೆಲವೇ ತಿಂಗಳಲ್ಲಿ ಡಿಪಿಎಫ್ ದೀಪ ಹೊತ್ತಿಕೊಂಡಿತು. ಅದುವರೆಗೆ ಒಂದು ದಿನವೂ ತೊಂದರೆ ಕೊಡದ ಅದೇ ಗಾಡಿ. ಡಿಪ್‌ಸ್ಟಿಕ್ ನೋಡಿ ಎಂದೆ. ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿತ್ತು. ಮೊದಲು ಆಯಿಲ್ ಬದಲಿಸಿಸಿದೆವು. ದೀಪ ಇನ್ನೂ ಮಿನುಗುವ ಹಂತಕ್ಕೆ ಹೋಗಿರಲಿಲ್ಲವಾದ್ದರಿಂದ ಹೆದ್ದಾರಿಗೆ ಒಯ್ದು, ಗೇರ್ ಒಂದು ಕೆಳಗಿಟ್ಟು 2,000 ಆರ್‌ಪಿಎಂಗೆ ಮೇಲೆ ಒಂದೇ ಸಮನೆ ಓಡಿಸಿದಾಗ ಇಪ್ಪತ್ತು ನಿಮಿಷದೊಳಗೆ ದೀಪ ಆರಿತು.

"ಮಾರಿಬಿಡಲೇನಪ್ಪಾ?" ಎಂದು ಕೇಳಿದರು. ಈಗಲೇ ಬೇಡ, ಅಣ್ಣ, ಎಂದೆ. ವಾರಕ್ಕೊಂದು ಸಲ ಮುಕ್ಕಾಲು ಗಂಟೆ ಹೆದ್ದಾರಿಯಲ್ಲಿ ಓಡಿಸಿ, ಫ್ಯಾನು ಸುತ್ತುತ್ತಿದ್ದರೆ ಎಂಜಿನ್ ಆರಿಸದೆ ಇನ್ನೊಂದು ಸುತ್ತು ಹೋಗಿ ಬನ್ನಿ, ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ ನೋಡಿ. ರಜೆಗೆ ಎರಡೂ ಮನೆಯವರು ಹೊರಡುವಾಗ ಗಾಡಿ ಅದಲುಬದಲು ಮಾಡಿಕೊಳ್ಳಿ, ದೂರದ ದಾರಿ ನಿಮ್ಮ ಡೀಸೆಲ್ಲಿಗೇ ಸಿಗಲಿ. ಒಂದು ವರ್ಷ ಕಳೆದ ಮೇಲೂ ಓಡಾಟ ಮೂರು ಕಿಲೋಮೀಟರಿನದ್ದೇ ಆಗಿದ್ದರೆ, ಫಿಲ್ಟರ್ ಚೆನ್ನಾಗಿರುವಾಗಲೇ, ದಿನವೂ ದೂರ ಓಡಿಸುವವರು ಯಾರಾದರೂ ಸಿಕ್ಕಿದರೆ ಅವರಿಗೆ ಕೊಟ್ಟುಬಿಡಿ.